ಮನೆಮಂದಿ ಎಲ್ಲ ಒಟ್ಟಿಗೆ ನೋಡಬಹುದಾ? ಲವ್ ಕಾಮಿಡಿ ಸಿನಿಮಾ ಆರಿಸುವ ಸಮಗ್ರ ಮಾರ್ಗದರ್ಶಿ

ಲವ್ ಕಾಮಿಡಿ ಅಂದ ಕೂಡಲೇ "ಅದರಲ್ಲಿ ಎಂತ ಉಂಟು, ಎಲ್ಲರೂ ನೋಡಬಹುದು" ಅಂತ ಟಿಕೆಟ್ ಬುಕ್ ಮಾಡುವವರು ನಮ್ಮ ಕಡೆ ಜಾಸ್ತಿ. ಹೊಡೆದಾಟ ಇಲ್ಲ, ರಕ್ತ ಇಲ್ಲ, ದೆವ್ವ ಇಲ್ಲ, ಮತ್ತೇನು ತೊಂದರೆ? ಆದರೆ ಅಜ್ಜಿ, ಅಪ್ಪ, ಅತ್ತಿಗೆ, ಏಳನೇ ಕ್ಲಾಸಿನ ಹುಡುಗ ಎಲ್ಲರೂ ಒಂದೇ ಕೋಣೆಯಲ್ಲಿ ಕೂತಾಗ ರಿಮೋಟ್‌ಗೆ ಕೈ ಹೋಗುವುದು ಹೆಚ್ಚಾಗಿ ಇಂಥ ಸಿನಿಮಾದಲ್ಲೇ. ಹೊಡೆದಾಟದ ಸಿನಿಮಾ ಎಂಥದ್ದು ಅಂತ ಪೋಸ್ಟರೇ ಹೇಳಿಬಿಡುತ್ತದೆ. ಲವ್ ಕಾಮಿಡಿಯ ಪೋಸ್ಟರ್‌ನಲ್ಲಿ ಎಲ್ಲರೂ ನಗುತ್ತಿರುತ್ತಾರೆ, ಒಳಗೆ ಏನಿದೆ ಅಂತ ಹೊರಗಿಂದ ತಿಳಿಯುವುದಿಲ್ಲ.

ಮಂಗಳೂರು, ಉಡುಪಿಯ ಮನೆಗಳಲ್ಲಿ ಇದು ಇನ್ನೂ ಸ್ವಲ್ಪ ಸಿಕ್ಕು. ನಾವು ತುಳು ನೋಡುತ್ತೇವೆ, ಕನ್ನಡ ನೋಡುತ್ತೇವೆ, ಮಲಯಾಳಂ, ಹಿಂದಿ, ತೆಲುಗು ಏನು ಬಂದರೂ ನೋಡುತ್ತೇವೆ. ಮನೆಯಲ್ಲಿ ಒಬ್ಬರಿಗೆ ಒಂದು ಭಾಷೆ ಪೂರ್ತಿ ಅರ್ಥವಾದರೆ ಇನ್ನೊಬ್ಬರಿಗೆ ಅರ್ಧ. ಹಾಗಾಗಿ "ಫ್ಯಾಮಿಲಿ ಸಿನಿಮಾ" ಅಂತ ಯಾರೋ ಹೇಳಿದ ಮಾತು ನಿಮ್ಮ ಮನೆಗೆ ಹೊಂದಬೇಕು ಅಂತೇನೂ ಇಲ್ಲ. ನೀವೇ ನೋಡಿ ತೀರ್ಮಾನಿಸಬೇಕು. ಅದಕ್ಕೆ ಅರ್ಧ ಗಂಟೆ ಸಾಕು.

ಮೊದಲು ಯಾರೆಲ್ಲ ಕೂರುತ್ತಾರೆ ಅಂತ ನೋಡಿ

ಸಿನಿಮಾದ ಹೆಸರು ಹುಡುಕುವ ಮೊದಲು ಈ ಕೆಲಸ. ಮನೆಯವರು ಮಾತ್ರವಾ, ಅಥವಾ ಮುಂಬೈಯಿಂದ ಬಂದ ಮಾವನ ಮಕ್ಕಳೂ ಇದ್ದಾರಾ? ಹೊಸದಾಗಿ ಮದುವೆಯಾಗಿ ಬಂದ ಸೊಸೆ ಇದ್ದಾಳಾ? ಗಂಡ ಹೆಂಡತಿ ಇಬ್ಬರೇ ಇದ್ದರೆ ಕಣ್ಣಿಗೆ ಬೀಳದೇ ಹೋಗುವ ಒಂದು ಬೆಡ್‌ರೂಮ್ ಜೋಕು ಅತ್ತೆ ಮಾವನ ಎದುರು ಆ ಹುಡುಗಿಗೆ ತುಂಬಾ ಮುಜುಗರ ಕೊಡುತ್ತದೆ. ಯಾರು ಎಲ್ಲಕ್ಕಿಂತ ಬೇಗ ಮುಜುಗರಪಡುತ್ತಾರೋ, ಯಾರು ಎಲ್ಲಕ್ಕಿಂತ ಚಿಕ್ಕವರೋ, ಆ ಇಬ್ಬರನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ. ಉಳಿದವರು ಹೇಗೂ ಹೊಂದಿಕೊಳ್ಳುತ್ತಾರೆ.

ಭಾಷೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಇಂಗ್ಲಿಷಿನ ಬೈಗುಳ ಅಜ್ಜಿಯ ಕಿವಿಗೆ ತಾಗುವುದೇ ಇಲ್ಲ, ಅದೇ ಮಾತು ತುಳುವಿನಲ್ಲಿ ಬಂದರೆ ಇಡೀ ಕೋಣೆ ಸುಮ್ಮನಾಗುತ್ತದೆ. ಮಕ್ಕಳ ವಿಷಯದಲ್ಲಿ ಇದು ಉಲ್ಟಾ. ಇಂಗ್ಲಿಷ್ ಮೀಡಿಯಂ ಮಕ್ಕಳು ಸಬ್‌ಟೈಟಲ್ ಫಟಾಫಟ್ ಓದುತ್ತಾರೆ, ಡೈಲಾಗ್ ಅರ್ಥವಾಗದಿದ್ದರೂ ಕೆಳಗಿನ ಸಾಲು ಅರ್ಥವಾಗುತ್ತದೆ.

ಸರ್ಟಿಫಿಕೇಟ್ ಓದುವುದು ಹೇಗೆ

ಸೆನ್ಸಾರ್ ಬೋರ್ಡ್ ಅಂತ ನಾವು ಕರೆಯುವ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಕೆಲಸ ಮಾಡುತ್ತದೆ. 'ಯು' ಅಂದರೆ ಎಲ್ಲರಿಗೂ. 'ಎ' ಅಂದರೆ 18 ತುಂಬಿದವರಿಗೆ ಮಾತ್ರ, ಅಪ್ಪ ಅಮ್ಮ ಜೊತೆಗಿದ್ದರೂ ಮಕ್ಕಳನ್ನು ಥಿಯೇಟರ್ ಒಳಗೆ ಬಿಡುವಂತಿಲ್ಲ. ನಡುವಿನದ್ದು 'ಯುಎ', ಅಂದರೆ ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದಾದದ್ದು, ಅದರಲ್ಲೇ ಎಲ್ಲ ಗೊಂದಲ ಇದ್ದದ್ದು. ಹತ್ತು ವರ್ಷದ ಮಗು ನೋಡಬಹುದಾದದ್ದಕ್ಕೂ ಯುಎ, ಹದಿನೈದು ವರ್ಷದವರಿಗೂ ಸ್ವಲ್ಪ ಜಾಸ್ತಿಯೇ ಅನ್ನಿಸುವುದಕ್ಕೂ ಯುಎ. 2023ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಹೊಸ ನಿಯಮ 2024ರಲ್ಲಿ ಬಂತು. ಈಗ ಯುಎ 7+, ಯುಎ 13+, ಯುಎ 16+ ಅಂತ ಮೂರು ಭಾಗ. ಹಳೇ ಸಿನಿಮಾ ನೋಡುವಾಗ ಬರೀ ಯುಎ ಅಂತ ಇದ್ದರೆ ಅದರಿಂದ ಜಾಸ್ತಿ ಏನೂ ಗೊತ್ತಾಗುವುದಿಲ್ಲ, ಬೇರೆ ದಾರಿಯಲ್ಲಿ ವಿಚಾರಿಸಬೇಕು.

ಒಂದು ಮಾತು ನೆನಪಿರಲಿ. ಯುಎ 16+ ಸಿನಿಮಾಗೆ ನಿಮ್ಮ ಹನ್ನೆರಡು ವರ್ಷದ ಮಗಳನ್ನು ಕರೆದುಕೊಂಡು ಹೋದರೆ ಕಾನೂನು ತಡೆಯುವುದಿಲ್ಲ. ಅದು ಹೆತ್ತವರಿಗೆ ಕೊಟ್ಟ ಸೂಚನೆ ಮಾತ್ರ. ತೀರ್ಮಾನ ನಿಮ್ಮದೇ.

ನನ್ನ ಲೆಕ್ಕ ಹೀಗೆ: ಲವ್ ಕಾಮಿಡಿಗೆ ಯು ಅಥವಾ ಯುಎ 7+ ಇದ್ದರೆ ಮುತ್ತು, ಬೆಡ್‌ರೂಮ್ ಬಗ್ಗೆ ಚಿಂತೆ ಕಮ್ಮಿ. ಯುಎ 13+ ಇದ್ದರೆ ಟ್ರೈಲರ್ ನೋಡಲೇಬೇಕು. 16+ ಇದ್ದರೆ ಯಾಕೆ ಕೊಟ್ಟಿದ್ದಾರೆ ಅಂತ ಗೊತ್ತಾಗುವ ತನಕ ಮನೆಮಂದಿಯ ಎದುರು ಹಾಕಬೇಡಿ. ಇದು ಕ್ರೈಂ ಕಥೆ ಅಲ್ಲ. ಲವ್ ಕಾಮಿಡಿಗೆ 16+ ಸಿಕ್ಕಿದೆ ಅಂದರೆ ಕಾರಣ ಹೆಚ್ಚಾಗಿ ಮಾತು ಇಲ್ಲವೇ ಮಂಚ.

ಥಿಯೇಟರಿನದ್ದು, ಓಟಿಟಿಯದ್ದು, ಟಿವಿಯದ್ದು ಬೇರೆ ಬೇರೆ ಇರಬಹುದು

"ನಾನು ಟಿವಿಯಲ್ಲಿ ನೋಡಿದ್ದೇನೆ, ಏನೂ ಇಲ್ಲ, ಹಾಕಿ" ಅಂತ ಯಾರಾದರೂ ಹೇಳಿದರೆ ಸ್ವಲ್ಪ ನಿಲ್ಲಿ. ಎ ಸರ್ಟಿಫಿಕೇಟ್ ಸಿನಿಮಾವನ್ನು ಟಿವಿಯಲ್ಲಿ ಹಾಗೇ ಹಾಕುವಂತಿಲ್ಲ, ಕತ್ತರಿಸಿ ಮತ್ತೆ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಹಾಗಾಗಿ ಟಿವಿಗೆ ಬರುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ಮೆತ್ತಗಿನ ಪ್ರತಿ. ಓಟಿಟಿಯದ್ದು, ಅಂದರೆ ನೆಟ್‌ಫ್ಲಿಕ್ಸ್‌ನಂಥ ಆನ್‌ಲೈನ್ ಆ್ಯಪ್‌ಗಳದ್ದು, ಬೇರೆ ಕಥೆ. ಅಲ್ಲಿ 2021ರ ಐಟಿ ನಿಯಮದ ಪ್ರಕಾರ ಕಂಪನಿಯವರೇ ವಯಸ್ಸಿನ ಗುರುತು ಹಾಕುತ್ತಾರೆ. ಥಿಯೇಟರ್‌ನಲ್ಲಿ ಬೀಪ್ ಆದ ಮಾತು ಅಲ್ಲಿ ಸ್ಪಷ್ಟವಾಗಿ ಕೇಳಬಹುದು, ಕತ್ತರಿಸಿದ ಸೀನ್ ವಾಪಸ್ ಬಂದಿರಬಹುದು.

ಇದನ್ನು ಕಂಡುಹಿಡಿಯಲು ಒಂದು ಸುಲಭ ದಾರಿ ಉಂಟು. ಥಿಯೇಟರ್‌ಗೆ ಬಂದಾಗ ಸಿನಿಮಾ ಎಷ್ಟು ನಿಮಿಷ ಇತ್ತು ಅಂತ ಟಿಕೆಟ್ ಆ್ಯಪ್‌ನಲ್ಲೋ ಸರ್ಟಿಫಿಕೇಟ್‌ನಲ್ಲೋ ಇರುತ್ತದೆ. ಓಟಿಟಿಯಲ್ಲಿ ಎಷ್ಟು ನಿಮಿಷ ಅಂತ ನೋಡಿ. ನಾಲ್ಕೈದು ನಿಮಿಷ ಜಾಸ್ತಿ ಇದ್ದರೆ ಏನೋ ಸೇರಿದೆ ಅಂತ ಅರ್ಥ. ಅದು ಒಂದು ಹಾಡೂ ಇರಬಹುದು, ಆದರೆ ನೋಡಿಯೇ ಮುಂದುವರಿಯಿರಿ.

ಡಬ್ಬಿಂಗ್ ಕೂಡ ಹಾಗೆಯೇ. ಮೂಲದಲ್ಲಿ ಸಾದಾ ಇದ್ದ ಜೋಕಿಗೆ ಡಬ್ಬಿಂಗ್‌ನಲ್ಲಿ ಖಾರ ಹಾಕುವುದುಂಟು.

ಓಟಿಟಿಯಲ್ಲಿ ಸಿನಿಮಾ ಶುರುವಾಗುವಾಗ ಮೇಲಿನ ಮೂಲೆಯಲ್ಲಿ ವಯಸ್ಸಿನ ಜೊತೆಗೆ ಕಾರಣವನ್ನೂ ಬರೆದಿರುತ್ತಾರೆ: ಭಾಷೆ, ಲೈಂಗಿಕ ವಿಷಯ, ಮದ್ಯ, ಹೀಗೆ. ನಾಲ್ಕು ಸೆಕೆಂಡಲ್ಲಿ ಮಾಯವಾಗುವ ಆ ಸಾಲನ್ನು ದಯವಿಟ್ಟು ಓದಿ. ನಿಯಮದ ಪ್ರಕಾರ 13+ ಮತ್ತು ಅದಕ್ಕಿಂತ ಮೇಲಿನದ್ದಕ್ಕೆ ಲಾಕ್ ಹಾಕುವ ಸೌಲಭ್ಯವೂ ಇರಲೇಬೇಕು. ಪಿನ್ ಇಟ್ಟುಬಿಡಿ. ನೆಟ್‌ಫ್ಲಿಕ್ಸ್‌ನಲ್ಲಿ ತನ್ನಿಂದ ತಾನೇ ಓಡುವ ಪ್ರಿವ್ಯೂ ಆಫ್ ಮಾಡಬಹುದು, ಅದನ್ನೂ ಮಾಡಿ. ಎಷ್ಟೋ ಸಲ ಸಿನಿಮಾಗಿಂತ ಮೊದಲು, ಆರಿಸುವಾಗಲೇ ಪಕ್ಕದ ಯಾವುದೋ ಪ್ರಿವ್ಯೂ ಓಡಿ ಎಲ್ಲರೂ ಛಾವಣಿ ನೋಡುವ ಹಾಗೆ ಆಗುತ್ತದೆ.

ಟ್ರೈಲರ್ ನೋಡುವುದಲ್ಲ, ಕೇಳುವುದು

ಟ್ರೈಲರನ್ನು ಒಮ್ಮೆ ಸುಮ್ನೆ ನೋಡಿ. ಆಮೇಲೆ ಮೊಬೈಲ್ ಮೊಗಚಿ ಇಟ್ಟು ಬರೀ ಕೇಳಿ. ಡಬಲ್ ಮೀನಿಂಗ್ ಇರುವುದು ಕಿವಿಯಲ್ಲಿ. ಬಣ್ಣ, ಮಳೆ, ಹೀರೋಯಿನ್ ನಗು ಕಣ್ಣೆದುರು ಇದ್ದಾಗ ಮಾತು ಜಾರಿಹೋಗುತ್ತದೆ. ಎರಡು ನಿಮಿಷದ ಟ್ರೈಲರ್‌ನಲ್ಲಿ ಅಂಥ ಮಾತು ಎರಡು ಮೂರು ಇದ್ದರೆ, ಎರಡೂವರೆ ಗಂಟೆಯಲ್ಲಿ ಎಷ್ಟಿರಬಹುದು ಅಂತ ನೀವೇ ಯೋಚಿಸಿ. ಟ್ರೈಲರ್‌ಗೆ ಹಾಕುವುದು ತಂಡದವರಿಗೆ ತುಂಬಾ ಹಿಡಿಸಿದ ಜೋಕುಗಳನ್ನೇ ಅಲ್ವಾ?

ಹಾಡುಗಳ ಲಿರಿಕಲ್ ವಿಡಿಯೋ ಕೂಡ ನೋಡಿ. ಪಾರ್ಟಿ ಹಾಡು ಒಂದು ಇದ್ದರೆ ದೊಡ್ಡ ವಿಷಯ ಅಲ್ಲ. ಸಾಹಿತ್ಯದಲ್ಲಿ ಹುಡುಗಿಯನ್ನು ತಿನ್ನುವ ವಸ್ತುವಿನ ಹಾಗೆ ವರ್ಣಿಸಿದ್ದರೆ ಸಿನಿಮಾದ ಬುದ್ಧಿ ಎಂಥದ್ದು ಅಂತ ಅಲ್ಲೇ ಗೊತ್ತಾಗುತ್ತದೆ.

ಕಥೆಯ ಎಳೆಯಿಂದಲೂ ಊಹಿಸಬಹುದು. ಎರಡು ಕುಟುಂಬಗಳ ನಡುವಿನ ಗೊಂದಲ, ಹುಡುಗಿ ನೋಡುವ ಶಾಸ್ತ್ರ, ಮದುವೆ ಮನೆಯ ಗಲಾಟೆ ಇವೆಲ್ಲ ಸಾಮಾನ್ಯವಾಗಿ ಮನೆಮಂದಿಗೆ ಹೊಂದುತ್ತವೆ. ನಾಲ್ಕು ಹುಡುಗರು ಒಂದೇ ರೂಮಿನಲ್ಲಿರುವ ಕಥೆ, ಬ್ಯಾಚುಲರ್ ಪಾರ್ಟಿ ಕಥೆ ಆದರೆ ಕುಡಿತ ಮತ್ತು ಮಾತು ಎರಡೂ ಜಾಸ್ತಿ. ಸುಳ್ಳು ಮದುವೆ ಮಾಡಿಕೊಂಡು ಒಂದೇ ಮನೆಯಲ್ಲಿ ಇರುವ ಕಥೆಗಳಲ್ಲಿ ಮೊದಲರ್ಧ ಆರಾಮ, ಮುಜುಗರದ ಸೀನ್ ಇಂಟರ್ವಲ್ ಆದ ಮೇಲೆ ಬರುತ್ತದೆ.

ಮುತ್ತಿಗಿಂತ ದೊಡ್ಡ ಪ್ರಶ್ನೆ

ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ.

ಫ್ಯಾಮಿಲಿಗೆ ಸರಿಯಾ ಅಂತ ಕೇಳಿದರೆ ನಮ್ಮ ತಲೆಗೆ ಮೊದಲು ಬರುವುದು ಮುತ್ತಿನ ಸೀನ್. ಇಬ್ಬರು ಒಪ್ಪಿ ಕೊಟ್ಟುಕೊಂಡ ಮುತ್ತು ಕೆಲವು ಸೆಕೆಂಡಲ್ಲಿ ಮುಗಿಯುತ್ತದೆ. ಅಪ್ಪ ಕೆಮ್ಮುತ್ತಾರೆ, ಅಮ್ಮ ನೀರು ತರಲು ಏಳುತ್ತಾರೆ, ಸೀನ್ ಹೋಯಿತು. ಆದರೆ ಯು ಸರ್ಟಿಫಿಕೇಟ್ ಇರುವ, ಒಂದೇ ಒಂದು ಮುತ್ತೂ ಇಲ್ಲದ ಸಿನಿಮಾದಲ್ಲಿ ಹೀಗೊಂದು ಸರಣಿ ಬರುತ್ತದೆ ಅಂತ ಇಟ್ಟುಕೊಳ್ಳಿ. ಹುಡುಗಿ ಸಂಜೆ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಾಳೆ. ಹೀರೋ ಬೈಕ್ ತಂದು ಎದುರು ನಿಲ್ಲಿಸುತ್ತಾನೆ. ಅವಳು ಮುಖ ತಿರುಗಿಸುತ್ತಾಳೆ. ಅವನು ಬಸ್ಸಿನ ಹಿಂದೆ ಅವಳ ಮನೆ ತನಕ ಹೋಗುತ್ತಾನೆ. ಮರುದಿನ ಅವಳ ಗೆಳತಿಯಿಂದ ನಂಬರ್ ತೆಗೆದುಕೊಂಡು ಫೋನ್ ಮಾಡುತ್ತಾನೆ. ಅವಳು ಬ್ಲಾಕ್ ಮಾಡಿದರೆ ಗೆಳೆಯನ ಫೋನಿಂದ ಮಾಡುತ್ತಾನೆ. ಹಿಂದೆ ತಮಾಷೆಯ ಮ್ಯೂಸಿಕ್ಕು, ಗೆಳೆಯನ ಕಾಮಿಡಿ, ಥಿಯೇಟರ್ ತುಂಬಾ ಶಿಳ್ಳೆ. ಇಪ್ಪತ್ತು ನಿಮಿಷ ಆದ ಮೇಲೆ ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟುತ್ತದೆ.

ಆ ಹುಡುಗ ಮಾಡಿದ್ದಕ್ಕೆ ಕಾನೂನಿನಲ್ಲಿ ಹೆಸರುಂಟು, ಸ್ಟಾಕಿಂಗ್ ಅಂತ. ಬೇಡ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಹೆಣ್ಣಿನ ಬೆನ್ನು ಹತ್ತಿ ಮತ್ತೆ ಮತ್ತೆ ಸಂಪರ್ಕಿಸಲು ನೋಡುವುದು 2013ರಿಂದಲೇ ಅಪರಾಧ. ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಅದನ್ನೇ ಹೇಳುತ್ತದೆ, ಮೊದಲ ಸಲ ತಪ್ಪಿತಸ್ಥನಾದರೆ ಮೂರು ವರ್ಷದ ತನಕ ಜೈಲು. ನಿಮ್ಮ ಮಗ ಆ ಇಪ್ಪತ್ತು ನಿಮಿಷ ನೋಡಿ ನಗುತ್ತಾ "ಬಿಡದೆ ಹಿಂದೆ ಬಿದ್ದರೆ ಒಪ್ಪುತ್ತಾಳೆ" ಅಂತ ಕಲಿಯುತ್ತಾನೆ. ನಿಮ್ಮ ಮಗಳು "ಇದನ್ನು ನಾನು ಸಹಿಸಬೇಕು, ಇದೇ ಪ್ರೀತಿ" ಅಂತ ಕಲಿಯುತ್ತಾಳೆ. ಕಾಲೇಜಿಗೆ ಬಸ್ಸಲ್ಲಿ ಹೋಗುವ ಹುಡುಗಿಯರನ್ನು ಕೇಳಿ ನೋಡಿ, ಇದು ಅವರಿಗೆ ಎಷ್ಟು ತಮಾಷೆ ಅಂತ.

ಹಾಗಾಗಿ ಈ ಪ್ರಶ್ನೆಗಳನ್ನು ಹಾಕಿಕೊಳ್ಳಿ. ಹುಡುಗಿ ಬೇಡ ಅಂದಾಗ ಹುಡುಗ ನಿಲ್ಲುತ್ತಾನಾ? ಅವಳಿಗೆ ಅವಳದ್ದೇ ಕೆಲಸ, ಆಸೆ, ತಮಾಷೆ ಇದೆಯಾ, ಅಥವಾ ಹೀರೋಗೆ ಸಿಗಲು ಮಾತ್ರ ಇದ್ದಾಳಾ? ಸುಳ್ಳು ಹೇಳಿ ಪ್ರೀತಿ ಗಳಿಸಿದವನಿಗೆ ಆ ಸುಳ್ಳಿಗೆ ಬೆಲೆ ತೆರುವ ಸಂದರ್ಭ ಬರುತ್ತದಾ? ಕೆನ್ನೆಗೆ ಹೊಡೆಯುವುದನ್ನು ಪ್ರೀತಿ ಅಂತ ತೋರಿಸಿದ್ದಾರಾ? ಇವಕ್ಕೆ ಸರಿಯಾದ ಉತ್ತರ ಇದ್ದರೆ, ಒಂದು ಮುತ್ತು ಇದ್ದರೂ ನಾನು ಹದಿಮೂರು ಹದಿನಾಲ್ಕರ ಮಕ್ಕಳ ಜೊತೆ ಕೂತು ನೋಡುತ್ತೇನೆ. ಉತ್ತರ ಕೆಟ್ಟದಿದ್ದರೆ ಯು ಸರ್ಟಿಫಿಕೇಟ್ ಇದ್ದರೂ ಬೇಡ.

ನಗು ಯಾರ ಮೇಲೆ

ಕಾಮಿಡಿ ಅಂದ ಮೇಲೆ ಯಾರಾದರೂ ನಗೆಗೀಡಾಗಲೇಬೇಕು. ಯಾರು ಅನ್ನುವುದೇ ಮುಖ್ಯ. ತಾನು ಭಾರೀ ಬುದ್ಧಿವಂತ ಅಂದುಕೊಂಡ ಹೀರೋ ಬಿದ್ದರೆ, ಹಣದ ಗರ್ವದ ಮಾವ ಪೇಚಿಗೆ ಸಿಕ್ಕಿದರೆ ಎಲ್ಲರೂ ನಗಬಹುದು. ದಪ್ಪಗಿರುವ ಹುಡುಗಿ, ಕಪ್ಪಗಿರುವ ಗೆಳೆಯ, ತೊದಲುವವನು, ಮಂಗಳಮುಖಿ ಇವರು ಬಂದ ಕೂಡಲೇ ನಗು ಬರಬೇಕು ಅಂತ ಇದ್ದರೆ ಆ ಸಿನಿಮಾ ಬೇಡ. ನಿಮ್ಮ ಸಾಲಿನಲ್ಲೇ ಕೂತ, ದಪ್ಪ ಇರುವ ಅಕ್ಕನ ಮಗಳು ಆ ಹೊತ್ತಿಗೆ ನಗುವುದಿಲ್ಲ.

ತುಳು ಕಾಮಿಡಿಯ ಬಗ್ಗೆ ಬೇರೆಯೇ ಹೇಳಬೇಕು. 1971ರಲ್ಲಿ ಶುರುವಾದ ತುಳು ಸಿನಿಮಾಕ್ಕೆ ದೊಡ್ಡ ಬಲ ಬಂದದ್ದು ನಾಟಕದಿಂದ. ದೇವದಾಸ್ ಕಾಪಿಕಾಡ್, ನವೀನ್ ಡಿ. ಪಡೀಲ್, ಭೋಜರಾಜ್ ವಾಮಂಜೂರು, ಅರವಿಂದ ಬೋಳಾರ್ ಇವರೆಲ್ಲ ರಂಗದಲ್ಲಿ ನಗಿಸಿಯೇ ತೆರೆಗೆ ಬಂದವರು. ಊರಿನ ಗದ್ದೆಯಲ್ಲಿ ನಾಟಕ ಇದ್ದರೆ ಮೂರು ತಲೆಮಾರು ಒಟ್ಟಿಗೆ ಕೂತು ನಗುತ್ತದೆ, ಅದು ನಮ್ಮ ಊರಿನ ದೊಡ್ಡ ಸಂಪತ್ತು. ಆದರೆ ನಾಟಕದ ಮಾತು ಒಮ್ಮೆ ಹೇಳಿ ಹೋಗುತ್ತದೆ. ಸಿನಿಮಾದ ಮಾತು ರೀಲ್ಸ್ ಆಗಿ ಮಕ್ಕಳ ಮೊಬೈಲ್‌ಗೆ ಬರುತ್ತದೆ, ಅವರು ಅದನ್ನು ಶಾಲೆಯಲ್ಲಿ ಹೇಳುತ್ತಾರೆ. ಹಾಗಾಗಿ ತುಳು ಸಿನಿಮಾ ಅಂದರೆ ನಮ್ಮದೇ, ಚಿಂತೆ ಇಲ್ಲ ಅಂತ ಬಿಡಬೇಡಿ. ಅದಕ್ಕೂ ಅದೇ ಅಳತೆ ಹಾಕಿ. ಕೀಳು ಅಭಿರುಚಿಗೆ ಇಳಿಯುವ ದ್ವಂದ್ವಾರ್ಥದ ಮಾತು ಇರಬಾರದು ಅಂತ ಸೆನ್ಸಾರ್‌ನ 1991ರ ಮಾರ್ಗಸೂಚಿಯಲ್ಲೇ ಇದೆ. ಆದರೂ ಸೂಕ್ಷ್ಮವಾದದ್ದು ದಾಟಿ ಬರುತ್ತದೆ.

ನೋಡಿ ಬಂದವರನ್ನು ಕೇಳುವಾಗ

"ಹೇಗುಂಟು?" ಅಂತ ಕೇಳಿದರೆ "ಲಾಯ್ಕುಂಟು" ಅಂತ ಉತ್ತರ ಬರುತ್ತದೆ, ಅಷ್ಟೇ. ಕೇಳುವುದನ್ನು ಬದಲಿಸಿ. "ನಿಮ್ಮ ಅಮ್ಮನನ್ನು ಕೂರಿಸಿಕೊಂಡು ನೋಡುತ್ತೀರಾ?" ಅಂತ ಕೇಳಿ. ಆಗ ಒಂದು ಕ್ಷಣ ತಡೆದು "ಅದು... ಇಂಟರ್ವಲ್ ಆದ ಮೇಲೆ ಒಂದು ಸೀನ್ ಉಂಟು ಮಾರಾಯ್ರೆ" ಅಂತ ನಿಜ ಹೊರಗೆ ಬರುತ್ತದೆ. ಆ ಸೀನ್ ಎಷ್ಟು ಹೊತ್ತು, ಮಾತಾ ದೃಶ್ಯವಾ, ಮತ್ತೆ ಮತ್ತೆ ಬರುತ್ತದಾ ಅಂತ ವಿಚಾರಿಸಿ. ನಿಮ್ಮ ಮನೆಯ ಹಾಗೆಯೇ ಮಕ್ಕಳು, ಹಿರಿಯರು ಇರುವ ಮನೆಯವರನ್ನು ಕೇಳಿದರೆ ಒಳ್ಳೆಯದು. ಹಾಸ್ಟೆಲ್ ಹುಡುಗರ ಅಭಿಪ್ರಾಯ ಸಿನಿಮಾಕ್ಕೆ ಸರಿ ಇರಬಹುದು, ನಿಮ್ಮ ಮನೆಗೆ ಅಲ್ಲ.

ಯಾರೂ ನೋಡಿಲ್ಲದಿದ್ದರೆ ಇಂಟರ್ನೆಟ್ ಇದೆ. ಸಿನಿಮಾ ಮಾಹಿತಿಯ ವೆಬ್‌ಸೈಟ್ ಐಎಂಡಿಬಿಯಲ್ಲಿ ಪೇರೆಂಟ್ಸ್ ಗೈಡ್ ಅಂತ ಒಂದು ಭಾಗ ಉಂಟು, ಮುತ್ತು, ಬೈಗುಳ, ಕುಡಿತ ಎಲ್ಲ ಬೇರೆ ಬೇರೆ ಬರೆದಿರುತ್ತಾರೆ. ಅದನ್ನು ಬರೆಯುವುದು ಸಾಮಾನ್ಯ ಪ್ರೇಕ್ಷಕರು, ಕೆಲವೊಮ್ಮೆ ಕಥೆಯ ಗುಟ್ಟೂ ರಟ್ಟಾಗುತ್ತದೆ. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಜಾಗ ಬ್ರಿಟನ್ನಿನ ಸೆನ್ಸಾರ್ ಸಂಸ್ಥೆ ಬಿಬಿಎಫ್‌ಸಿಯ ವೆಬ್‌ಸೈಟ್. ಅಲ್ಲಿ ಬಿಡುಗಡೆಯಾಗುವ ಹಿಂದಿ, ತಮಿಳು, ಮಲಯಾಳಂ ಸಿನಿಮಾಗಳಿಗೂ ಅವರು ರೇಟಿಂಗ್ ಕೊಡುತ್ತಾರೆ, ಯಾಕೆ ಕೊಟ್ಟೆವು ಅಂತಲೂ ಬಿಡಿಸಿ ಬರೆಯುತ್ತಾರೆ. ಹಾಲಿವುಡ್ ಲವ್ ಕಾಮಿಡಿ ಆದರೆ ಅಮೆರಿಕದ ರೇಟಿಂಗ್ ನೋಡಿ. ಪಿಜಿ (ಹೆತ್ತವರ ಮಾರ್ಗದರ್ಶನ ಇರಲಿ ಅನ್ನುವ ಸೂಚನೆ) ಇದ್ದರೆ ಹೆಚ್ಚಾಗಿ ಆರಾಮ. ಪಿಜಿ-13 ಇದ್ದರೆ ಟ್ರೈಲರ್ ಕೇಳಿ ಮುಂದುವರಿಯಿರಿ. ಆರ್ (ದೊಡ್ಡವರಿಗೆ ಹೆಚ್ಚು ಹೊಂದುವ, ನಿರ್ಬಂಧಿತ ಸಿನಿಮಾ) ಇದ್ದರೆ ಅಜ್ಜಿಯ ಎದುರೂ ಬೇಡ, ಮಕ್ಕಳ ಎದುರೂ ಬೇಡ.

ಓಟಿಟಿ ಆದರೆ ಹಿಂದಿನ ರಾತ್ರಿ ಹತ್ತು ಹದಿನೈದು ನಿಮಿಷ

ಇಡೀ ಸಿನಿಮಾ ಮೊದಲೇ ನೋಡಿದರೆ ನಿಮ್ಮ ಖುಷಿ ಹೋಯಿತು. ಅದು ಬೇಕಿಲ್ಲ. ಮೊದಲ ಐದು ನಿಮಿಷ ನೋಡಿ, ಸಿನಿಮಾದ ಮಾತಿನ ಧಾಟಿ ಅಲ್ಲೇ ಸಿಗುತ್ತದೆ. ಆಮೇಲೆ ಕೆಳಗಿನ ಗೆರೆಯ ಮೇಲೆ ಬೆರಳು ಎಳೆಯುತ್ತಾ ಹೋದರೆ ಚಿಕ್ಕ ಚಿಕ್ಕ ಚಿತ್ರ ಕಾಣಿಸುತ್ತದಲ್ಲ, ಅದರಲ್ಲಿ ಕತ್ತಲೆ ಕೋಣೆ, ಪಬ್, ಹೋಟೆಲ್ ರೂಮ್ ಕಂಡಲ್ಲಿ ನಿಲ್ಲಿಸಿ ಅರ್ಧ ನಿಮಿಷ ನೋಡಿ. ಸಬ್‌ಟೈಟಲ್ ಹಾಕಿಯೇ ನೋಡಿ, ಮಕ್ಕಳು ಓದುವುದು ಅದನ್ನೇ. ಒಂದೇ ಕಡೆ ತೊಂದರೆ ಇದ್ದರೆ ನಿಮಿಷ ಬರೆದಿಟ್ಟುಕೊಳ್ಳಿ, ಮರುದಿನ ಆ ಹೊತ್ತಿಗೆ ರಿಮೋಟ್ ನಿಮ್ಮ ಕೈಯಲ್ಲಿರಲಿ. ನಾಲ್ಕೈದು ಕಡೆ ಇದ್ದರೆ ಓಡಿಸುತ್ತಾ ನೋಡುವುದರಲ್ಲಿ ಅರ್ಥ ಇಲ್ಲ, ಬೇರೆ ಆರಿಸಿ.

ತಂಬಾಕು ಎಚ್ಚರಿಕೆಯ ಸಾಲು ಎಲ್ಲೆಲ್ಲಿ ಬರುತ್ತದೆ ಅಂತಲೂ ಗಮನಿಸಿ. ಸಿಗರೇಟ್ ಸೀನ್ ಇದ್ದಲ್ಲಿ ಅದು ಬರಲೇಬೇಕು, 2023ರ ಸೆಪ್ಟೆಂಬರ್‌ನಿಂದ ಓಟಿಟಿಗೂ ಆ ನಿಯಮ ಉಂಟು. ಇಡೀ ಸಿನಿಮಾ ಆ ಸಾಲು ಕೆಳಗೆ ಕೂತೇ ಇದ್ದರೆ ಹೀರೋ ಎಂಥವನು ಅಂತ ಲೆಕ್ಕ ಹಾಕಬಹುದು.

ಥಿಯೇಟರ್‌ಗೆ ಹೋಗುವುದಾದರೆ

ಬಿಡುಗಡೆಯ ಮೊದಲ ಎರಡು ದಿನ ಬಿಡಿ. ಭಾನುವಾರದ ಹೊತ್ತಿಗೆ ನೋಡಿದವರ ಮಾತು ಸಿಕ್ಕಿರುತ್ತದೆ. ಬಿಜೈಯ ಭಾರತ್ ಮಾಲ್ ಆಗಲಿ, ಪಾಂಡೇಶ್ವರದ ಫಿಜಾ ಮಾಲ್ ಆಗಲಿ, ಮಣಿಪಾಲದ ಕಡೆ ಆಗಲಿ, ರಾತ್ರಿ ಶೋಗೆ ಕಾಲೇಜು ಹುಡುಗರು ಜಾಸ್ತಿ. ಅವರ ಕಿರುಚಾಟದಲ್ಲಿ ಸಾದಾ ಜೋಕೂ ಬೇರೆ ಥರ ಕೇಳುತ್ತದೆ. ಹಿರಿಯರು, ಮಕ್ಕಳು ಇದ್ದರೆ ಮಧ್ಯಾಹ್ನದ ಶೋ ಒಳ್ಳೆಯದು. ದಾರಿಯ ಪಕ್ಕದ ಸೀಟು ತೆಗೆದುಕೊಳ್ಳಿ, ಚಿಕ್ಕವರನ್ನು ಹೊರಗೆ ಕರೆದುಕೊಂಡು ಹೋಗಬೇಕಾದರೆ ಹತ್ತು ಜನರ ಕಾಲು ದಾಟಬೇಕಾಗಿಲ್ಲ.

ಮುಜುಗರದ ಸೀನ್ ಬಂದೇ ಬಂದರೆ ಮಕ್ಕಳ ಕಣ್ಣು ಮುಚ್ಚಬೇಡಿ. ಮುಚ್ಚಿದರೆ ಅದೇ ಅವರಿಗೆ ನೆನಪಿರುತ್ತದೆ. ಸುಮ್ನೆ ಇರಿ. ಆಮೇಲೆ ಗಡ್‌ಬಡ್ ಐಸ್‌ಕ್ರೀಂ ತಿನ್ನುವಾಗಲೋ ಮನೆಗೆ ಬರುವ ದಾರಿಯಲ್ಲೋ, "ಅವಳು ಬೇಡ ಅಂದ ಮೇಲೂ ಅವನು ಹೋದದ್ದು ಸರಿಯಾ?" ಅಂತ ಒಂದು ಪ್ರಶ್ನೆ ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿ. ನಡುವೆ ಬುದ್ಧಿ ಹೇಳಲು ಹೋಗಬೇಡಿ.

ಹದಿನಾರು ಹದಿನೇಳರ ಮಕ್ಕಳು "ನಾವು ಬರುವುದಿಲ್ಲ, ಫ್ರೆಂಡ್ಸ್ ಜೊತೆ ಹೋಗುತ್ತೇವೆ" ಅಂದರೆ ಒತ್ತಾಯ ಮಾಡಬೇಡಿ. ಲವ್ ಸಿನಿಮಾವನ್ನು ಅಪ್ಪ ಅಮ್ಮನ ನಡುವೆ ಕೂತು ನೋಡುವುದು ಆ ವಯಸ್ಸಿಗೆ ಕಷ್ಟವೇ. ಎ ಸರ್ಟಿಫಿಕೇಟ್ ಅಲ್ಲ ಅಂತ ಖಾತ್ರಿ ಮಾಡಿಕೊಂಡು, ಯಾವ ಶೋ, ವಾಪಸ್ ಯಾವ ಬಸ್ಸು ಅಂತ ಕೇಳಿ ಕಳಿಸಿ.